ಅತ್ತೆ ಕೂರುವ ಕಡೆಯ ಸ್ಪ್ರಿಂಗು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸೊಸೆಗೆ ಅತ್ತೆ ಇಟ್ಟ ಹೆಸರು ಪಾದರಸ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಅವಳ ಒಂದು ಕಾಲು ಕುಣಿಯುತ್ತಲೇ ಇರುತ್ತಿತ್ತು. ವಾರವೆಲ್ಲ ಟೈರು, ಸಸ್ಪೆನ್ಷನ್ ರಿಪೇರಿಯ ಶೆಡ್ಡಿನಲ್ಲಿ ಮೈಕೈ ಮಸಿ ಮಾಡಿಕೊಂಡು ದುಡಿದು, ರಜೆಯ ದಿನ ತನ್ನ ಹಳೆಯ ಕೆಂಪು ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು ಸುತ್ತು ಹೊಡೆದರೇ ಅವಳಿಗೆ ಸಮಾಧಾನ. ಗಂಡ ಸರಕು ಹಡಗಿನ ಎಂಜಿನಿಯರು, ವರ್ಷದ ಮುಕ್ಕಾಲು ಪಾಲು ಸಮುದ್ರದ ಮೇಲೆ. ಮನೆಯಲ್ಲಿ ಇದ್ದವರು ಅತ್ತೆ, ಸೊಸೆ ಇಬ್ಬರೇ. ಇದ್ದ ಕಾರೂ ಒಂದೇ.

ಒಂದೇ ಕಾರಿನಲ್ಲಿ ಎರಡು ಸಂಸಾರ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಟ್ರ್ಯಾಕಿಗೆ ಗಟ್ಟಿ ಸ್ಪ್ರಿಂಗು ಬೇಕು, ತಿರುವಿನಲ್ಲಿ ಗಾಡಿ ವಾಲಬಾರದು. ರಸ್ತೆಗೆ ಮೆತ್ತಗಿನದು ಬೇಕು, ಇಲ್ಲದಿದ್ದರೆ ಉಬ್ಬು ಬಂದಾಗಲೆಲ್ಲ ಕರುಳು ಬಾಯಿಗೆ ಬರುತ್ತದೆ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕಿಲೋ ಭಾರ ಬೇಕೋ ಅದೇ ಅದರ ಗಟ್ಟಿತನದ ಲೆಕ್ಕ. ಕಾರ್ಖಾನೆಯಿಂದ ಬಂದಾಗ ಮೂರು ಕಿಲೋ ಇದ್ದದ್ದನ್ನು ಪಾದರಸ ಎಂಟಕ್ಕೆ ಏರಿಸಿದ್ದಳು. ಸಾಲದ್ದಕ್ಕೆ ಗಾಡಿಯ ಹೊಟ್ಟೆ ನೆಲ ಮುಟ್ಟುವಷ್ಟು ಕೆಳಕ್ಕೂ ಇಳಿಸಿದ್ದಳು.

ಆಗ ಅತ್ತೆಯ ಬಾಯಿಗೆ ಬೀಗವಿರಲಿಲ್ಲ. "ಇದೇನು ಕಾರೋ, ಕಲ್ಲು ಒಡೆಯೋ ಮಿಷಿನ್ನೋ? ಕಟ್ಟಿಸಿದ ಹಲ್ಲು ಕೈಗೆ ಬರತ್ತೆ, ನಿಧಾನ ಕಣೇ!" ಅಂತ ದಾರಿಯುದ್ದಕ್ಕೂ ಬೈಯುತ್ತಿದ್ದರು. ಬೈದು ಬೈದು ಇಳಿದ ಮೇಲೆ, "ಇವತ್ತು ಟ್ರ್ಯಾಕಲ್ಲಿ ಯಾರನ್ನ ಹಿಂದೆ ಹಾಕ್ದೆ?" ಅಂತ ಕೇಳುವವರೂ ಅವರೇ.

ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬೆನ್ನುಮೂಳೆ ಬಿರುಕು ಬಿಟ್ಟಿತು. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಕರೆದೊಯ್ಯಬೇಕಾಯಿತು, ಮಡಚುವ ಗಾಲಿಕುರ್ಚಿಯ ಸಮೇತ. ನೋಡಲು ಬಂದ ನಾದಿನಿ ಕಾರಿನ ಸುತ್ತ ಒಂದು ಸುತ್ತು ಹಾಕಿ ಮುಖ ಗಂಟಿಕ್ಕಿದಳು.

"ಈ ಕುಣಿಯೋ ಡಬ್ಬದಲ್ಲಿ ಅಮ್ಮನ್ನ ಕೂರಿಸ್ತೀಯಾ? ಮುಂದಿನ ತಿಂಗಳು ಬರ್ತೀನಿ. ಬೆನ್ನು ಸುಧಾರಿಸದಿದ್ರೆ ನಮ್ಮನೆಗೆ ಕರ್ಕೊಂಡು ಹೋಗೋದೇ. ಮತ್ತೆ ವಾಪಸ್ ಕಳ್ಸೋ ಮಾತಿಲ್ಲ."

ಪಾದರಸಕ್ಕೆ ಗಂಡನಿಲ್ಲದ ಮನೆ ಅಭ್ಯಾಸವಾಗಿತ್ತು, ಅತ್ತೆಯಿಲ್ಲದ ಮನೆ ನೆನೆಸಿಕೊಳ್ಳಲೂ ಆಗಲಿಲ್ಲ. ಬೈಯುವವರೇ ಇಲ್ಲದ ಮನೆಗೆ ಸಂಜೆ ಯಾಕಾದರೂ ಹೋಗಬೇಕು?

ಮಾರನೆಯ ದಿನವೇ ಎಂಟು ಕಿಲೋ ಸ್ಪ್ರಿಂಗು ಬಿಚ್ಚಿ ಆರರದ್ದು ಹಾಕಿದಳು. ಎತ್ತರ ಮಾತ್ರ ಬದಲಿಸಲಿಲ್ಲ. ಗಾಡಿ ತಗ್ಗಿದ್ದರೇ ತಾನೇ ಟ್ರ್ಯಾಕಲ್ಲಿ ಬೆಲೆ! ಸ್ಪ್ರಿಂಗು ಮೆತ್ತಗಾದರೆ ಸಾಕಲ್ಲ ಅಂದುಕೊಂಡು ಒಬ್ಬಳೇ ಬೀದಿಯ ಉಬ್ಬುಗಳ ಮೇಲೆಲ್ಲ ಓಡಿಸಿ ನೋಡಿದಳು. ಬೆಣ್ಣೆಯ ಹಾಗೆ ಹೋಯಿತು.

"ಹೇಗಿದೆ ಅತ್ತೆ?" ಅಂತ ಆಸ್ಪತ್ರೆಯ ದಾರಿಯಲ್ಲಿ ಕೇಳಿದಳು.

"ಹಾಯಾಗಿದೆ," ಅಂದರು ಅತ್ತೆ.

ಆದರೂ ಬೆನ್ನು ಸುಧಾರಿಸಲಿಲ್ಲ. ಆರು ಹೋಗಿ ಐದು ಬಂತು. "ತೊಟ್ಟಿಲಲ್ಲಿ ಮಲಗ್ದಂಗಿದೆ," ಅಂದರು ಅತ್ತೆ. ಐದು ಹೋಗಿ ನಾಲ್ಕು ಬಂತು. ಟ್ರ್ಯಾಕಿನಲ್ಲಿ ತಿರುವು ಬಂದರೆ ಕಾರು ಒಂದು ಕಡೆಗೆ ಒರಗಿಕೊಳ್ಳತೊಡಗಿತು. ಜೊತೆಯ ಓಟಗಾರರು, "ಏನಮ್ಮಾ, ಇವತ್ತು ದೋಣಿ ತಂದಿದ್ದೀಯಾ?" ಅಂತ ನಕ್ಕರು. ನಕ್ಕುಕೊಳ್ಳಲಿ, ಹಾಳಾಗಿ ಹೋಗಲಿ ಅಂದುಕೊಂಡಳು. ಅತ್ತೆ ಬೈಯುವುದನ್ನು ನಿಲ್ಲಿಸಿದ್ದಾರಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ! ಹಾಗಂತ ನಂಬಿದಳು ಪೆದ್ದಿ.

"ಇಷ್ಟು ಹೊತ್ತಿಗೆ ನೋವು ಇಳೀಬೇಕಿತ್ತು, ಏರ್ತಾ ಇದೆ," ಅಂತ ಫಿಸಿಯೋಥೆರಪಿಸ್ಟು ತಲೆ ಕೆರೆದುಕೊಂಡ. "ಮನೇಲಿ ಭಾರ ಗೀರ ಎತ್ತುತಾರಾ?"

ಅವತ್ತಿನಿಂದ ಪಾದರಸ ಬಕೆಟ್ಟುಗಳನ್ನು ಬಚ್ಚಿಟ್ಟಳು. ಕುಕ್ಕರನ್ನು ಅಟ್ಟಕ್ಕೆ ಏರಿಸಿದಳು. ಶೆಡ್ಡಿನಿಂದ ಗಳಿಗೆಗೊಮ್ಮೆ ಫೋನ್ ಮಾಡಿ, "ಏನೂ ಎತ್ತಿಲ್ಲ ತಾನೇ?" ಅಂತ ಪ್ರಾಣ ತಿಂದಳು. "ಫೋನ್ ಒಂದನ್ನ ಎತ್ತಿದೆ ಕಣಮ್ಮ," ಅಂದರು ಅತ್ತೆ. ಸೊಸೆಗೆ ನಗು ಬರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು, ಒಂದು ಬೋಲ್ಟು ಬಿಗಿದರೆ ಇನ್ನೊಂದನ್ನು ಮರೆಯುತ್ತಿದ್ದಳು. ಮೂರೂವರೆ ಕಿಲೋ ಸ್ಪ್ರಿಂಗು ಎಲ್ಲಾದರೂ ಸಿಗುತ್ತದೆಯೇ ಅಂತ ಊರೆಲ್ಲ ವಿಚಾರಿಸುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಟೈರು ತರಲು ಹೋಗಬೇಕಾಯಿತು. ಅವಳ ಕೈ ಬೆರಳಿಗೆ ಸ್ಪ್ಯಾನರು ತಗಲಿ ಊದಿತ್ತು, ಹಾಗಾಗಿ ಶೆಡ್ಡಿನಲ್ಲಿ ಚಕ್ರಗಳ ಅಲೈನ್‌ಮೆಂಟ್ ನೋಡುವ ಹಿರಿಯ, ಎಲ್ಲರೂ ಮಾಮ ಅನ್ನುವವನು, ಸ್ಟಿಯರಿಂಗ್ ಹಿಡಿದ. ಪಾದರಸ ಪಕ್ಕದ ಸೀಟಿನಲ್ಲಿ ಕೂತಳು. ತನ್ನದೇ ಕಾರಿನ ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ಬರುವಾಗ ಕಾಲ ಹತ್ತಿರ ಒಂದು ಟೈರು, ಬೆನ್ನ ಹಿಂದೆ ಇನ್ನೊಂದು.

ಮೊದಲನೆಯ ಉಬ್ಬು ಬಂತು. ಧಡ್! ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಾರಿಸಿದ ಹಾಗೆ ಬೆನ್ನಿಗೆ ಗುದ್ದಿತು. ಎರಡನೆಯದಕ್ಕೆ ಮತ್ತೆ ಧಡ್.

"ನಿಲ್ಸು ಮಾಮ, ನಿಲ್ಸು!"

ರಸ್ತೆ ಬದಿಯಲ್ಲೇ ಅಂಗಾತ ಮಲಗಿ ಟಾರ್ಚು ಬಿಟ್ಟಳು. ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲಿ ಅಂತ ಒಂದು ರಬ್ಬರ್ ತುಂಡು ಇರುತ್ತದೆ. ತಾನು ಓಡಿಸುವ ಕಡೆಯದು ಹೊಸದರಂತೆ ಇತ್ತು. ಅತ್ತೆ ಕೂರುವ ಕಡೆಯದು ಚೂರುಚೂರಾಗಿತ್ತು.

ಅವಳಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಟ್ರ್ಯಾಕಿನವರು ಗಾಡಿಯನ್ನು ಹೊಂದಿಸುವುದು ಒಬ್ಬಳೇ ಓಡಿಸುವವಳ ತೂಕಕ್ಕೆ, ಪಕ್ಕದ ಸೀಟು ಖಾಲಿ ಅಂತಲೇ ಲೆಕ್ಕ. ತಗ್ಗಿದ ಗಾಡಿಗೆ ಕುಗ್ಗಲು ಜಾಗವೇ ಕಮ್ಮಿ. ಅದರ ಮೇಲೆ ಮೆತ್ತಗಿನ ಸ್ಪ್ರಿಂಗು, ಮೇಲೆ ಅತ್ತೆ, ಹಿಂದೆ ಗಾಲಿಕುರ್ಚಿ. ಅವಳು ಮೆತ್ತಗೆ ಮಾಡಿದಷ್ಟೂ ಆ ಮೂಲೆ ರಬ್ಬರಿನ ಮೇಲೆಯೇ ಕೂರುತ್ತಿತ್ತು, ಒಂದೊಂದು ಉಬ್ಬಿಗೂ ನೇರ ಬೆನ್ನಿಗೆ ಗುದ್ದುತ್ತಿತ್ತು.

ಮನೆಗೆ ಓಡಿದಳು. ಅತ್ತೆ ಕಿಟಕಿಯ ಹತ್ತಿರ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದರು.

"ಯಾಕೆ ಹೇಳ್ಲಿಲ್ಲ ನೀವು? ಎಷ್ಟು ಸಲ ಕೇಳ್ದೆ!"

ಅತ್ತೆ ಚೀಲವನ್ನು ಸರಿಸಿಕೊಂಡರು. "ಎಂಟಿದ್ದಾಗ ಅಲ್ಲಾಡ್ತಿತ್ತು, ಅಷ್ಟೇ. ಆಮೇಲೆ ಗುದ್ದಕ್ಕೆ ಶುರುವಾಯ್ತು. ನೀನು ಗಾಡಿ ಕೆಳಗಿಂದ ಎದ್ದು ಬಂದು ನನ್ನ ಮುಖಾನೇ ನೋಡ್ತಾ ನಿಲ್ತಿದ್ದೆ. ನೋವು ಅಂದ್ರೆ ನೀನು ಗಾಡಿ ಮಾರ್ತಿದ್ದೆ, ಇಲ್ಲಾ ಮಗಳು ಬಂದು ನನ್ನ ಎತ್ಕೊಂಡು ಹೋಗ್ತಿದ್ಲು. ನಂಗೆ ಎರಡೂ ಬೇಡ."

"ಬೈಬೇಕಿತ್ತು! ಇಷ್ಟು ವರ್ಷ ಬೈದವರಿಗೆ ಈಗೇನು ಧಾಡಿಯಾಗಿತ್ತು?" ಅಂತ ಕೂಗಿದಳು ಪಾದರಸ. ಕೂಗುತ್ತಲೇ ಅತ್ತಳು. ಸಿಟ್ಟು ಯಾರ ಮೇಲೆ ಅಂತ ಅವಳಿಗೇ ತಿಳಿಯಲಿಲ್ಲ.

ಮರುದಿನ ಅತ್ತೆಯನ್ನೇ ಶೆಡ್ಡಿಗೆ ಕರೆತಂದು, ದಿಂಬು ಕೊಟ್ಟು ಸೀಟಿನಲ್ಲಿ ಕೂರಿಸಿ, ನಾಲ್ಕು ಚಕ್ರಗಳ ಕೆಳಗೂ ತಕ್ಕಡಿ ಇಟ್ಟರು. ಮಾಮ ಅಂಕಿ ಓದಲು ಬಾಯಿ ತೆರೆದ. "ನನ್ನ ತೂಕ ಬೀದಿಗೆಲ್ಲ ಡಂಗುರ ಹೊಡಿಬೇಡಪ್ಪಾ!" ಅಂದರು ಅತ್ತೆ. ಪಾದರಸ ಏಳು ಕಿಲೋ ಸ್ಪ್ರಿಂಗು ಹಾಕಿ, ಗಾಡಿಯನ್ನು ಎರಡು ಬೆರಳು ಮೇಲಕ್ಕೆ ಎತ್ತಿದಳು.

"ಈ ಎತ್ತರಕ್ಕೆ ಈ ವರ್ಷದ ರೇಸ್ ಕಪ್ ಮರೆತುಬಿಡು," ಅಂದ ಮಾಮ.

"ಮರೆತೆ. ಆ ಸ್ಪ್ಯಾನರ್ ಕೊಡು," ಅಂದಳು.

ಗುದ್ದು ನಿಂತಿತು. ಆದರೆ ಒಂದು ತಿಂಗಳ ಪೆಟ್ಟು ಒಂದು ವಾರದಲ್ಲಿ ಮಾಯುವುದೇ? ಅಷ್ಟರಲ್ಲಿ ನಾದಿನಿ ಬಂದೇಬಿಟ್ಟಳು, ಅಮ್ಮನ ಬಟ್ಟೆಗೆಂದು ಖಾಲಿ ಸೂಟ್‌ಕೇಸು ಹಿಡಿದುಕೊಂಡು. ಆಸ್ಪತ್ರೆಗೆ ಮೂವರೂ ಹೊರಟರು. ಅತ್ತೆ ಮುಂದೆ, ನಾದಿನಿ ಹಿಂದೆ. ಪಾದರಸ ಆಮೆಯ ಹಾಗೆ ಓಡಿಸಿದಳು. ಉಬ್ಬು ಬಂತು, ಗಾಡಿ ಎದ್ದು ಮೆಲ್ಲಗೆ ಇಳಿಯಿತು.

ನಾದಿನಿ ಮುಂದಕ್ಕೆ ಬಾಗಿದಳು. "ಅಮ್ಮಾ, ನನ್ನಾಣೆ, ನಿಜ ಹೇಳು. ನೋವಿದ್ಯಾ?"

ಹಾಯಾಗಿದೆ ಅನ್ನುವ ಒಂದು ಮಾತು ಸಾಕಿತ್ತು, ಸೂಟ್‌ಕೇಸು ಬಂದ ಹಾಗೇ ಹಿಂದಕ್ಕೆ ಹೋಗುತ್ತಿತ್ತು. ಹೇಳಿಬಿಡಲಿ ಅಂತ ಪಾದರಸದ ಜೀವ ಬಾಯಿ ಬಾಯಿ ಬಿಟ್ಟಿತು. ಅತ್ತೆ ಒಂದು ಸಲ ಸೊಸೆಯ ಕಡೆ ನೋಡಿದರು.

"ನೋವಿದೆ ಕಣೇ," ಅಂದರು ಮಗಳಿಗೆ. "ಇಲ್ಲೇ ಇರ್ತೀನಿ."