ಪೂರ್ವಕ್ಕೆ ಹೋದರೆ ಬೇಗ ಬೆಳಗಾಗುತ್ತದಂತೆ

ನಮ್ಮ ಯಜಮಾನರು ಚಹಾಕ್ಕೆ ಸಕ್ಕರೆಯ ಬದಲು ಬಟ್ಟೆ ಸೋಪಿನ ಪುಡಿ ಹಾಕಿದ ದಿನ ನಾನು ನಕ್ಕಿದ್ದೆ. ಎಂಜಿನ್ನಿನ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಮುಚ್ಚಳ ಎಲ್ಲಿ ಎಂದು ದೋಣಿಯನ್ನೆಲ್ಲ ತಡಕಾಡಿದಾಗಲೂ ನಕ್ಕೆ, ಆದರೆ ಅರೆಮನಸ್ಸಿನಿಂದ. ಈ ಊರಿನ ಬಂದರು ಕಣ್ಣಿಗೆ ಬಿದ್ದು, ಲಂಗರು ಇಳಿಸುವ ಹೊತ್ತು ಬಂದಾಗ ಅವರು ನನ್ನ ಕಡೆ ತಿರುಗಿದರು.

"ಇವಳೇ, ಅದನ್ನ ಬಿಡು ನೀರಿಗೆ. ಅದೇ... ಕಬ್ಬಿಣದ್ದು... ಏನಂತಾರೆ ಅದಕ್ಕೆ?"

ಆಗ ನನಗೆ ನಗು ಬರಲಿಲ್ಲ. ಲಂಗರನ್ನು ಇಳಿಸಿದೆ, ಅದರ ಜೊತೆಗೆ ನನ್ನ ಜೀವವೂ ಇಳಿದುಹೋಯಿತು.

ಅವರು ಬದುಕೆಲ್ಲ ಮೋಟಾರು ರಿಪೇರಿ ಮಾಡಿದವರು, ನಾನು ಹೊಲಿಗೆಯವಳು. ಮಗಳ ಮದುವೆ ಮುಗಿದು ಇಬ್ಬರೂ ಅಂಗಡಿಗೆ ಬೀಗ ಹಾಕಿದ ಮೇಲೆ, ಯಾರೋ ಬಳಸಿ ಬಿಟ್ಟಿದ್ದ ಹಾಯಿದೋಣಿಯೊಂದನ್ನು ಕೊಂಡೆವು. ಅವರು ಸತ್ತ ಎಂಜಿನ್ನಿಗೆ ಜೀವ ಕೊಟ್ಟರು, ನಾನು ಹಾಯಿ ಹೊಲಿದೆ. ಈ ವಯಸ್ಸಿನಲ್ಲಿ ಇವರಿಗೇನು ಬಂತು ಕೇಡು ಎಂದು ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಸಮುದ್ರದ ಮೇಲೆ ಊರಿಂದ ಊರಿಗೆ ಹೋಗುವುದು, ಸಿಕ್ಕ ಊರಿನಲ್ಲಿ ನಾಲ್ಕಾರು ದಿನ ಇದ್ದು ನೋಡುವುದನ್ನೆಲ್ಲ ನೋಡುವುದು, ಮತ್ತೆ ಹಾಯಿ ಏರಿಸುವುದು, ಇದೇ ನಮ್ಮ ಸಂಸಾರವಾಗಿತ್ತು.

ನನ್ನ ಹೆದರಿಕೆಗೆ ಕಾರಣವಿತ್ತು. ನಮ್ಮ ಭಾವನವರಿಗೆ, ಅಂದರೆ ಇವರ ಅಣ್ಣನಿಗೆ, ಶುರುವಾದದ್ದೂ ಹೀಗೆಯೇ. ಮೊದಲು ವಸ್ತುಗಳ ಹೆಸರು ಹೋಯಿತು. ಆಮೇಲೆ ಅಂಗಡಿಯಿಂದ ಮನೆಗೆ ಬರುವ ದಾರಿ ಹೋಯಿತು. ಈಗ ನಮ್ಮ ಓರಗಿತ್ತಿ ಅವರಿಗೆ ತುತ್ತು ಮಾಡಿ ಉಣ್ಣಿಸುತ್ತಾರೆ, ಅವರು ಯಾರದೋ ಮನೆಗೆ ಊಟಕ್ಕೆ ಬಂದವರ ಹಾಗೆ ಸಂಕೋಚಪಟ್ಟುಕೊಂಡು ಉಣ್ಣುತ್ತಾರೆ. ಇವರಿಗೂ ಅದೇ ಬಂದರೆ? ದೋಣಿ ಹೋದರೆ ಹೋಗಲಿ, ಮಾರಿದರಾಯಿತು. ಆದರೆ ಇವರೇ ನನ್ನ ಎದುರಿಗೆ ಕೂತುಕೊಂಡು ಇಲ್ಲದ ಹಾಗಾದರೆ ನಾನೇನು ಮಾಡಲಿ? ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಊರು ನೋಡುವ ನೆಪದಲ್ಲಿ ಒಂದು ದಿನವೆಲ್ಲ ಅವರನ್ನು ಪರೀಕ್ಷೆ ಮಾಡಿಬಿಡುತ್ತೇನೆ ಎಂದು ತೀರ್ಮಾನಿಸಿದೆ.

ಬೆಳಿಗ್ಗೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ದಡಕ್ಕೆ ಬಂದೆವು. ಬಂದರಿನ ಕಚೇರಿ ಎಂದರೆ ತಗಡಿನ ಮಾಡಿನ ಒಂದು ಕೋಣೆ, ಒಂದು ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚಾಗಿ ಕೊಡುವ ಒಂದು ಫ್ಯಾನು. ಮೇಜಿನ ಹಿಂದೆ ದಪ್ಪ ಕನ್ನಡಕದ ಗುಮಾಸ್ತೆ ಕೂತಿದ್ದಳು. ಸಮುದ್ರದಿಂದ ಬಂದವರಿಗೆ ನೆಲವೂ ತೂಗುತ್ತದೆ. ನಾವಿಬ್ಬರೂ ಮೇಜಿನ ಮುಂದೆ ನಿಂತು ಒಂದೇ ತಾಳಕ್ಕೆ ಓಲಾಡುತ್ತಿದ್ದುದನ್ನು ನೋಡಿ ಅವಳು ಕುರ್ಚಿ ತೋರಿಸಿದಳು. ಯಾರ ಎದುರಿಗಾದರೂ ಮಾತಿಲ್ಲದೆ ಕೂರುವುದು ನನ್ನ ಜಾಯಮಾನವಲ್ಲ.

"ನಿಮ್ಮೂರಲ್ಲಿ ಸೂರ್ಯ ಸರಿಯಾದ ಹೊತ್ತಿಗೆ ಹುಟ್ಟುತ್ತಾನೆ ಕಣಮ್ಮ. ಸಮುದ್ರದಲ್ಲಿ ಮಾತ್ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೇ ಬೆಳಗಾಗಿಬಿಡುತ್ತಿತ್ತು," ಎಂದೆ.

ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ನಮ್ಮವರು ಕೆಮ್ಮಿ, ಈ ಊರಲ್ಲಿ ನೋಡೋಕೆ ಏನೇನಿದೆ ಎಂದು ಮಾತು ತಿರುಗಿಸಿದರು. ಗುಡ್ಡದ ಮೇಲೆ ದೀಪಸ್ತಂಭ, ಅದರ ಕೆಳಗೆ ತೋಟ, ಪೇಟೆಯಲ್ಲಿ ಮೀನು ಮಾರುಕಟ್ಟೆ ಎಂದು ಹೇಳುತ್ತಿದ್ದವಳು ಕಿಟಕಿಯಾಚೆ ನೋಡಿ ಎದ್ದುನಿಂತಳು.

"ಅಯ್ಯೋ, ನಿಮ್ಮ ಪುಟ್ಟ ದೋಣಿ ನಿಮ್ಮನ್ನ ಬಿಟ್ಟು ಹೊರಟಿದೆ ನೋಡಿ!"

ಕಣ್ಣು ಮುಚ್ಚಿಕೊಂಡು ಗಂಟು ಹಾಕಬಲ್ಲ ನಮ್ಮವರು ಹಗ್ಗವನ್ನು ಕಂಬಕ್ಕೆ ಸುತ್ತಿದ್ದರೇ ಹೊರತು ಕಟ್ಟಿರಲಿಲ್ಲ. ಒಬ್ಬ ಮೀನುಗಾರ ಅದನ್ನು ಹಿಡಿದು ತಂದುಕೊಟ್ಟ. ಅವರು ತಲೆ ಕೆರೆದುಕೊಂಡು ನಕ್ಕರು. ನಾನು ಬೆಳಗಿನ ಹೊತ್ತಿಗೇ ಒಂದು ಪರೀಕ್ಷೆಯಲ್ಲಿ ಅವರನ್ನು ನಪಾಸು ಮಾಡಿದೆ.

ಮೀನು ಮಾರುಕಟ್ಟೆಯ ಪಕ್ಕದ ಅಂಗಡಿಗೆ ನಿಂಬೆಹಣ್ಣು ತರಲು ಕಳಿಸಿದರೆ ಬರಿಗೈಯಲ್ಲಿ ಬಂದು, "ಏನೋ ತರೋಕೆ ಹೇಳಿದ್ದೆಯಲ್ಲ?" ಎಂದರು. ತೋಟದಲ್ಲಿ ಮರಗಳಿಗೆಲ್ಲ ಹೆಸರಿನ ಫಲಕ ಹಾಕಿದ್ದರು. ಒಂದರ ಹೆಸರು ಗಟ್ಟಿಯಾಗಿ ಓದಿಸಿ, ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಕೇಳಿದೆ. "ಯಾವ ಮರ?" ಎಂದು ನನ್ನನ್ನೇ ಕೇಳಿದರು. ಕಲ್ಲಿನ ಬೆಂಚಿನ ಮೇಲೆ ಕೂತು ಎಳನೀರು ಕುಡಿಯುತ್ತಿದ್ದವರು ಕುಡಿಯುತ್ತಲೇ ಸುಮ್ಮನಾಗಿಬಿಟ್ಟರು. ಕಣ್ಣು ತೆರೆದಿದೆ, ನೋಟ ಇಲ್ಲ. ಭಾವನವರೂ ಹೀಗೇ ಕೂತಿರುತ್ತಿದ್ದರು. ಸುತ್ತಲೂ ಹೂ ಬಿರಿದು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನನಗೆ ಮಾತ್ರ ಕಣ್ಣಿಗೆ ಕತ್ತಲೆ ಕಟ್ಟಿದ ಹಾಗಾಗಿತ್ತು.

ದೀಪಸ್ತಂಭದ ಮೆಟ್ಟಿಲನ್ನು ಅವರು ಗೋಡೆ ಹಿಡಿದುಕೊಂಡು ಹತ್ತಿದರು. ಮೇಲೆ ಒಳ್ಳೆಯ ಗಾಳಿ. ಕೆಳಗೆ ಕೆಂಪು ಹೆಂಚಿನ ಊರು, ಅದನ್ನು ತಬ್ಬಿಕೊಂಡ ಹಾಗಿರುವ ಕೊಲ್ಲಿ, ನೀರಿನ ಮೇಲೆ ಹತ್ತಾರು ದೋಣಿಗಳು. ಕೇಳಬಾರದು ಕೇಳಬಾರದು ಎಂದುಕೊಂಡೇ ಕೇಳಿಬಿಟ್ಟೆ.

"ರೀ, ನಮ್ಮ ದೋಣಿ ಯಾವುದು ತೋರಿಸಿ ನೋಡೋಣ."

ಅವರು ತುಂಬ ಹೊತ್ತು ನೋಡಿ ಒಂದು ನೀಲಿ ದೋಣಿಯನ್ನು ತೋರಿಸಿದರು. ನಮ್ಮದು ಬಿಳಿ ದೋಣಿ. ಅದಕ್ಕೆ ಬಣ್ಣ ಬಳಿದವರು ಅವರೇ.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಇನ್ನೊಂದು ಬದಿಗೆ ಹೋಗಿ ನಿಂತೆ. ಸಾಕಪ್ಪಾ ಸಾಕು ಈ ಪರೀಕ್ಷೆ, ಇನ್ನು ತಿಳಿದವರ ಕೈಗೇ ಒಪ್ಪಿಸುತ್ತೇನೆ ಎಂದುಕೊಂಡೆ. ಕೆಳಗಿಳಿದ ಮೇಲೆ ಮೊಣಕಾಲು ನೋವು ಎಂದು ಕುಂಟತೊಡಗಿದೆ. ಪೇಟೆಯಲ್ಲಿ ಬರುವಾಗಲೇ ಡಾಕ್ಟರರ ಬೋರ್ಡು ನೋಡಿಟ್ಟುಕೊಂಡಿದ್ದೆ. ಪಾಪ, ಅವರು ತೂಕಡಿಸುತ್ತಲೇ ನನ್ನ ತೋಳು ಹಿಡಿದು ನಡೆಸಿಕೊಂಡು ಬಂದರು. ಯಾರು ಯಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿರುವುದು ಎಂದು ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮುಖ ಗಂಟಿಕ್ಕಿಕೊಂಡೇ ಮಾತಾಡುವವರು. ನನ್ನ ಮೊಣಕಾಲು ಒತ್ತಿ ನೋಡಿದರು.

"ಇದಕ್ಕೇನೂ ಆಗಿಲ್ವಲ್ಲ?"

"ಕಾಲು ನೆಪ ಮೇಡಂ. ತೋರಿಸಬೇಕಾಗಿದ್ದು ಇವರನ್ನ," ಎಂದವಳೇ ಸೋಪಿನ ಪುಡಿಯಿಂದ ಹಿಡಿದು ನೀಲಿ ದೋಣಿಯವರೆಗೆ, ಭಾವನವರ ಕಥೆಯನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ನಮ್ಮವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ಅವರನ್ನು ಮಂಚದ ಮೇಲೆ ಕೂರಿಸಿ, ಕಣ್ಣಿಗೆ ಟಾರ್ಚು ಬಿಟ್ಟು, ಮೊಣಕಾಲು ತಟ್ಟಿ, ಏನೇನೋ ಲೆಕ್ಕ ಕೇಳಿದರು. ಇವರು ಲೆಕ್ಕವನ್ನು ನಿಧಾನವಾಗಿಯಾದರೂ ಸರಿಯಾಗಿಯೇ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿದರು.

"ರಾತ್ರಿ ನಿದ್ದೆ ಹೇಗೆ?"

"ಪಾಳಿ ಮೇಲೆ ಮೇಡಂ. ದೋಣಿ ನಡೀತಿರುವಾಗ ಒಬ್ಬರು ಚುಕ್ಕಾಣಿ ಹತ್ರ ಎಚ್ಚರ ಇರಲೇಬೇಕು. ಅರ್ಧ ರಾತ್ರಿ ಇವರು, ಅರ್ಧ ರಾತ್ರಿ ನಾನು. ಸಮಸಮ ಪಾಲು," ಎಂದು ಹೆಮ್ಮೆಯಿಂದ ಹೇಳಿದೆ. "ಹನ್ನೆರಡಕ್ಕೆ ಇವರು ನನ್ನ ಎಬ್ಬಿಸ್ತಾರೆ. ಮೂರು ಗಂಟೆಗೆ ಬೆಳಗಾಗುತ್ತೆ, ಬೆಳಕು ಬಿದ್ದರೆ ಇವರಿಗೆ ನಿದ್ದೆ ಹತ್ತಲ್ಲ, ಎದ್ದು ಬಂದುಬಿಡ್ತಾರೆ."

"ಮೂರು ಗಂಟೆಗೆ ಬೆಳಗಾಗುತ್ತಾ?"

"ನಾವು ಪೂರ್ವಕ್ಕೆ ಹೋಗ್ತಿದ್ದೀವಲ್ಲ ಮೇಡಂ. ಪೂರ್ವಕ್ಕೆ ಹೋದ್ರೆ ಬೇಗ ಬೆಳಗಾಗುತ್ತಂತೆ."

"ಯಾರು ಹೇಳಿದ್ದು?"

"ಇವರೇ."

ಡಾಕ್ಟರು ಇವರ ಕಡೆ ನೋಡಿದರು. ಇವರು ಮೂಲೆಯ ತೂಕದ ಯಂತ್ರವನ್ನು ಜೀವಮಾನದಲ್ಲೇ ನೋಡದವರ ಹಾಗೆ ನೋಡುತ್ತಿದ್ದರು. ನನ್ನ ಕೈಗಡಿಯಾರ ಉಪ್ಪುನೀರು ಕುಡಿದು ಸತ್ತ ಮೇಲೆ ನನಗಿದ್ದದ್ದು ಕ್ಯಾಬಿನ್ನಿನ ಗಡಿಯಾರ ಒಂದೇ. ಅದಕ್ಕೆ ಕೀಲಿ ಕೊಡುತ್ತಿದ್ದವರು ಇವರು.

"ರೀ," ಎಂದೆ. ಅಷ್ಟೇ ಎಂದದ್ದು. ಮೂವತ್ತೈದು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ಸಾಕು.

"ನೀನು ಮಲಗಿದ ಮೇಲೆ ಮುಳ್ಳು ಸ್ವಲ್ಪ ಹಿಂದಕ್ಕೆ ತಿರುಗಿಸ್ತಿದ್ದೆ," ಎಂದರು. "ಬೆಳಿಗ್ಗೆ ನೀನು ಚಹಾ ಮಾಡುವಾಗ ಮುಂದಕ್ಕೆ ತಿರುಗಿಸಿಬಿಡ್ತಿದ್ದೆ."

"ಸ್ವಲ್ಪ ಅಂದ್ರೆ?" ಡಾಕ್ಟರು ಕೇಳಿದರು.

"ಮೂರು ಗಂಟೆ."

"ಅಂದ್ರೆ ನಿಮಗೆ ಸಿಗ್ತಿದ್ದ ನಿದ್ದೆ ಬರೀ ಮೂರು ಗಂಟೆ. ಹಗಲು ಮಲಗ್ತಿದ್ರಾ?"

"ಹಗಲು ಎಂಜಿನ್ನು, ಹಾಯಿ, ಅದು ಇದು ಇರುತ್ತಲ್ಲ ಮೇಡಂ."

"ಎಷ್ಟು ದಿನದಿಂದ ನಡೀತಿದೆ ಈ ಆಟ?"

"ಇವಳಿಗೆ ಜ್ವರ ಬಂತಲ್ಲ, ಆಗಿಂದ."

ಜ್ವರ ಬಂದದ್ದು ಎರಡು ಊರುಗಳ ಹಿಂದೆ. ಆಗ ಇವರು ರಾತ್ರಿಯೆಲ್ಲ ತಾವೇ ಎದ್ದಿರುತ್ತೇನೆಂದರೆ ನಾನು ಕೇಳಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಬಂದು ಚುಕ್ಕಾಣಿ ಹಿಡಿದಿದ್ದೆ. ಜ್ವರ ಬಿಟ್ಟರೂ ವಾರಗಟ್ಟಲೆ ಸುಸ್ತು ಬಿಟ್ಟಿರಲಿಲ್ಲ. ಅದು ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಕೇಳ್ತಿದ್ದೆಯಾ? ಪಾಲು ಅಂದ್ರೆ ಪಾಲು ಅಂತ ಹಟ ಹಿಡಿದು ಕೂರ್ತಿದ್ದೆ. ನಿನ್ನ ಹತ್ರ ಜಗಳ ಆಡೋದಕ್ಕಿಂತ ಗಡಿಯಾರದ ಮುಳ್ಳು ತಿರುಗಿಸೋದು ಸುಲಭ."

ಡಾಕ್ಟರ ಗಂಟುಮುಖವೂ ಆಗ ಸಡಿಲವಾಯಿತು.

"ನೋಡಮ್ಮ, ಇಷ್ಟು ದಿನ ನಿದ್ದೆಗೆಟ್ಟರೆ ನನಗೂ ನನ್ನ ಹೆಸರು ಮರೆತುಹೋಗುತ್ತೆ. ನಾನು ನೋಡಿದ ಮಟ್ಟಿಗೆ ಇವರಿಗೆ ಬೇರೇನೂ ಇಲ್ಲ. ಅಲುಗಾಡದ ಮಂಚ ಹುಡುಕಿ ಮಲಗಿಸಿ, ತಾವಾಗಿ ಏಳೋವರೆಗೂ ಎಬ್ಬಿಸಬೇಡಿ. ಆಮೇಲೂ ಹೀಗೇ ಇದ್ರೆ ಮತ್ತೆ ಕರ್ಕೊಂಡು ಬನ್ನಿ."

ನಾನು ಅಲ್ಲೇ, ಆ ಡಾಕ್ಟರ ಮುಂದೆಯೇ, ಅತ್ತೆ. ಅಳುತ್ತಲೇ ಬೈದೆ. ನಿಮಗೆ ಬುದ್ಧಿ ಇದೆಯಾ, ದೋಣಿ ಹೋಗಿ ಬಂಡೆಗೆ ಬಡಿದಿದ್ದರೆ ಏನು ಗತಿ, ನನ್ನನ್ನು ಏನು ಮಗು ಅಂದುಕೊಂಡಿದ್ದೀರಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಇಳಿಯಿತಲ್ಲ ಎದೆಯ ಮೇಲಿನ ಕಲ್ಲು ಎಂದು ಮನಸ್ಸು ಒಳಗೊಳಗೇ ಕುಣಿಯುತ್ತಿದ್ದರೂ ಬೈಗಳು ಮಾತ್ರ ನಿಲ್ಲಲಿಲ್ಲ.

ಬಂದರಿಗೆ ಹೋಗಿ, ಅವರನ್ನು ಹೊರಗೆ ಕೂರಿಸಿ ಗುಮಾಸ್ತೆಯ ಹತ್ತಿರ ಎರಡು ಮಾತಾಡಿ ಬಂದು, ಪೇಟೆಯ ಹಿಂದಿನ ಓಣಿಯ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಬಿಳಿ ಹೊದಿಕೆಯ ಅಗಲವಾದ ಮಂಚ, ಹಸಿರು ಪರದೆ, ಮೂಲೆಯಲ್ಲಿ ನೀರಿನ ಹೂಜಿ. ದೋಣಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ತಕರಾರು ತೆಗೆದರು. ಗುಮಾಸ್ತೆಗೆ ಹೇಳಿ ಆ ಮೀನುಗಾರನನ್ನು ಕಾವಲಿಗೆ ಗೊತ್ತು ಮಾಡಿದ್ದೇನೆ ಎಂದು ನಾನು ಹೇಳಿ ಮುಗಿಸುವುದರೊಳಗೆ ಗೊರಕೆ ಶುರುವಾಗಿತ್ತು. ಚಪ್ಪಲಿಯನ್ನು ನಾನೇ ಬಿಚ್ಚಿದೆ.

ಸಂಜೆಯಾಯಿತು, ರಾತ್ರಿ ಕಳೆಯಿತು, ಬೆಳಗಾಗಿ ಬಿಸಿಲೇರಿತು, ಅವರು ಮಗ್ಗುಲು ಸಹ ಬದಲಿಸಲಿಲ್ಲ. ನಾನೂ ಪಕ್ಕದಲ್ಲೇ ಮಲಗಿ ನಿದ್ದೆ ಮಾಡಿದೆ. ಸಮುದ್ರದ ಮೇಲೆ ಒಬ್ಬರು ಮಲಗಿದರೆ ಒಬ್ಬರು ಎದ್ದಿರಬೇಕು, ನಾವು ಹೀಗೆ ಒಂದೇ ಮಂಚದ ಮೇಲೆ ಜೊತೆಯಲ್ಲಿ ಮಲಗಿ ಎಷ್ಟು ಕಾಲವಾಗಿತ್ತೋ. ಆದರೂ ಎಚ್ಚರವಾದಾಗಲೆಲ್ಲ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇತ್ತು. ಡಾಕ್ಟರು ಎಷ್ಟೆಂದರೂ ಮನುಷ್ಯರು, ಅವರ ಲೆಕ್ಕವೂ ತಪ್ಪಬಹುದಲ್ಲ.

ಮಧ್ಯಾಹ್ನ ಎದ್ದು ಮೈಮುರಿದರು. "ಹೊಟ್ಟೆ ತಾಳ ಹಾಕ್ತಿದೆ ಕಣೇ," ಎಂದರು. ಸ್ನಾನ ಮುಗಿಸಿ ಇಬ್ಬರೂ ಹೊರಗೆ ಬಂದೆವು. ಬಂದರಿನ ಹತ್ತಿರ ಊಟ ಮಾಡೋಣ ಎಂದುಕೊಂಡು ನಾನು ಎಡಕ್ಕೆ ಹೊರಟೆ. ನಿನ್ನೆ ಅತ್ತು ಊದಿದ ಕಣ್ಣಿಗೆ ದಾರಿ ಕಂಡಿದ್ದರೆ ತಾನೆ.

"ಏ, ಎಲ್ಲಿಗೆ ಹೋಗ್ತೀಯ? ಬಂದರು ಬಲಕ್ಕೆ. ನಿನ್ನೆ ಬರುವಾಗ ಹೊಲಿಗೆ ಅಂಗಡಿ, ಅದರ ಪಕ್ಕ ನೀಲಿ ಬಾಗಿಲಿನ ಮನೆ, ಆಮೇಲೆ ಕೊಡೆ ರಿಪೇರಿಯವನು ಕೂತಿರಲಿಲ್ವಾ?"

ಬಲಕ್ಕೆ ತಿರುಗಿದೆ. ಹೊಲಿಗೆ ಅಂಗಡಿ ಬಂತು. ನೀಲಿ ಬಾಗಿಲೂ ಬಂತು. ತೂಕಡಿಸುತ್ತ ನಡೆದ ದಾರಿಯನ್ನು ಇವರು ಅಂಗಡಿ ಸಮೇತ ನೆನಪಿಟ್ಟುಕೊಂಡಿದ್ದರು. ಕೊಡೆ ರಿಪೇರಿಯವನನ್ನು ಕಂಡಾಗ ನನಗೆ ಅವನ ಕೈ ಹಿಡಿದು ಕುಲುಕಬೇಕು ಅನ್ನಿಸಿತು. ಅಲ್ಲಿ ಎರಡು ಓಣಿಗಳಾಗಿ ದಾರಿ ಒಡೆಯುತ್ತಿತ್ತು. ಸರಿಯಾದದ್ದು ಯಾವುದೆಂದು ಈ ಸಲ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದಕ್ಕೆ ನುಗ್ಗಿದೆ.

"ಮತ್ತೆ ತಪ್ಪು! ಆ ಕಡೆ ಹೋದ್ರೆ ಗುಡ್ಡ ಸಿಗುತ್ತೆ."

"ಹೌದಾ?"

ಅದರ ಮುಂದಿನ ತಿರುವಿನಲ್ಲೂ ತಪ್ಪಿದೆ. ಅವರು ನನ್ನ ತೋಳು ಹಿಡಿದು ಎಳೆದು ನಿಲ್ಲಿಸಿ, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಬೈದರು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಏನಾಗಿದೆ ನಿನಗೆ? ನಿನ್ನೆ ಬಂದ ದಾರೀನೇ ನೆನಪಿಲ್ಲ ಅಂದ್ರೆ ಹೇಗೆ? ಮೊದಲು ನಿನ್ನನ್ನ ಆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಬೇಕು ನೋಡು."

"ಹೋಗೋಣ ರೀ," ಎಂದು ಕಣ್ಣೊರೆಸಿಕೊಂಡು, ಇನ್ನೊಂದು ಸಲ ತಪ್ಪು ಓಣಿಗೆ ತಿರುಗಿದೆ.