ವಿಲ್ಗಾ ಬೋರಿನ ಬಿಸಿಲು ಕರೆಂಟು

“ಕೈ ತೆಗಿಯೇ ಕರಿಮುಂಡೆ. ನಿಮ್ಮಪ್ಪ ಹಾಕ್ಸಿದ್ದಾ ಈ ವಯರು?”

ಹಾರ್ಗನ್ ಬೈದು ಸುಮ್ಮನಾಗಲಿಲ್ಲ. ನೋಲೀನಳ ಮಣಿಕಟ್ಟು ತಿರುಚಿ ಪಕ್ಕಕ್ಕೆ ನೂಕಿದ. ಅವಳು ಆಗಷ್ಟೇ ವ್ಯಾನಿಗೆ ಸಿಕ್ಕಿಸಿದ್ದ ಚಾರ್ಜರಿನ ಪ್ಲಗ್ಗನ್ನು ಕಿತ್ತು ಕಂಬದ ಕೊಕ್ಕೆಗೆ ನೇತುಹಾಕಿದ. ನೋಲೀನಳ ಸೊಂಟ ವ್ಯಾನಿನ ಬಾಗಿಲಿಗೆ ಬಡಿಯಿತು. ಒಳಗೆ, ಹಿಂದಿನ ಸೀಟಿನಲ್ಲಿದ್ದ ಟಿಲ್ಲಿ ಮುದುಕಿ ಕಣ್ಣು ಬಿಟ್ಟು ಯಾರು ಯಾರನ್ನು ಹೊಡೆದರೆಂದು ನೋಡಿ, ಮತ್ತೆ ಮುಚ್ಚಿಕೊಂಡಳು.

“ಆಲಿಸ್ ಪಟ್ಣದ ಆಸ್ಪತ್ರೆಗೆ ಹೋಗ್ಬೇಕು ಕಣಯ್ಯ, ಕಿಡ್ನಿ ಮಿಷೀನ್‌ಗೆ,” ನೋಲೀನ್ ಅಂದಳು. “ಸೋಮ್ವಾರನೂ ನೀನ್ ಹಿಂಗೇ ಕಿತ್ತಾಕ್ದೆ, ಹೋಗಕ್ಕಾಗ್ನಿಲ್ಲ. ಇವತ್ತೂ ತಪ್ಪುದ್ರೆ ದೊಡ್ಡವ್ವ ಉಳಿಯಕಿಲ್ಲ. ಕಾಲ್ ನೋಡು ಹೆಂಗ್ ಊದ್ಕಂಡವೆ.”

“ಬುಕ್ ಮಾಡಿದೀಯಾ?”

“ನಮ್ ವ್ಯಾನ್‌ಗೆ ಬುಕ್ಕೂ ಬ್ಯಾಡ ಗಿಕ್ಕೂ ಬ್ಯಾಡ ಅಂತ ಮಂತ್ರಿ ಅಂದಾಗ ನೀನೇ ತಲೆ ಆಡುಸ್ದಲ್ಲ.”

“ಮಂತ್ರಿ ಹೋದ. ನಾನಿದೀನಿ. ಇವ್ರು ಬುಕ್ ಮಾಡ್ಕೊಂಡು ಬಂದಿದಾರೆ.” ಹಾರ್ಗನ್ ಸಾಲಿನಲ್ಲಿ ನಿಂತ ಪ್ರವಾಸಿಗರ ಕಾರುಗಳತ್ತ ಗದ್ದ ಎತ್ತಿದ. ಬ್ಯಾಟರಿ ಕಾರುಗಳು, ಕೆಂಪು ಧೂಳು ಮೆತ್ತಿದರೂ ಹೊಸತು ಹೊಸತಾಗಿ ಹೊಳೆಯುತ್ತಿದ್ದವು.

ಆ ನೆಲ ವಿಲ್ಗಾ ಬೋರಿನ ಮೂಲನಿವಾಸಿ ಕರಿ ಜನರದು. ಅವರ ಗಂಡಸರು ಫುಟ್‌ಬಾಲ್ ಆಡುತ್ತಿದ್ದ ಬಯಲಿನ ತುಂಬ ಈಗ ಸೋಲಾರ್ ಹಲಗೆಗಳು. ಸುತ್ತ ಬೇಲಿ. ಬೇಲಿಯ ಬಾಯಲ್ಲಿ ಹಾರ್ಗನ್ನನ ರೋಡ್‌ಹೌಸು. ಬಿಯರು, ಮಾಂಸದ ಪೈ, ಮುಂದೆ ಹಲಗೆಯ ಚಪ್ಪರದಡಿ ಚಾರ್ಜಿಂಗ್ ಕಂಬಗಳು. ಮಂತ್ರಿ ರಿಬ್ಬನ್ ಕತ್ತರಿಸಿದ ದಿನವೇ ಊರಿನ ಹಳೆಯ ಡೀಸೆಲ್ ಜೀಪನ್ನು ಲಾರಿಗೆ ಹೇರಿ ಒಯ್ದರು. ಬಿಸಿಲೇ ಓಡಿಸುವ ವ್ಯಾನು ಕೊಟ್ಟಮೇಲೆ ಡೀಸೆಲ್ ಯಾಕೆ ಎಂದರು. ಬೇಲಿಯಾಚೆಯ ಮನೆಗಳಿಗೆ ಮಾತ್ರ ಈಗಲೂ ದುಡ್ಡು ಕೊಟ್ಟು ಕೊಂಡ ಕಾರ್ಡು ಹಾಕಿದರಷ್ಟೇ ಕರೆಂಟು. ಕಾರ್ಡು ಮುಗಿದರೆ ಫ್ಯಾನು ನಿಲ್ಲುತ್ತಿತ್ತು, ಫ್ರಿಜ್ಜಿನಲ್ಲಿದ್ದ ಸಕ್ಕರೆ ಕಾಯಿಲೆಯ ಔಷಧ ಕೆಡುತ್ತಿತ್ತು. ಮನೆಯ ಪ್ಲಗ್ಗಿಗೆ ವ್ಯಾನು ಸಿಕ್ಕಿಸಿದರೆ ಇಡೀ ಮನೆಯ ಕಾರ್ಡನ್ನು ಅದೊಂದೇ ನುಂಗುತ್ತಿತ್ತು.

ಸಾಲಿನ ಮೊದಲ ಕಾರಿನ ಗಾಜು ಒಂದು ಬೆರಳಷ್ಟು ಇಳಿಯಿತು. ಒಳಗಿಂದ ತಣ್ಣನೆಯ ಗಾಳಿ, ಹುಲ್ಲಿನ ಟೋಪಿಯ ಒಬ್ಬ ಬಿಳಿ ಹೆಂಗಸು.

“ನಮ್ಮದೇನೂ ಅಭ್ಯಂತರ ಇಲ್ಲಮ್ಮ,” ಅಂದಳು. “ಆದ್ರೆ ಸೂರ್ಯ ಮುಳುಗೋದ್ರೊಳಗೆ ದೊಡ್ಡ ಬಂಡೆ ಹತ್ರ ಇರಬೇಕು. ವರ್ಷದ ಕೆಳಗೇ ಅಂದ್ಕೊಂಡ ಪ್ರವಾಸ. ತಗೋ, ಅಜ್ಜಿಗೆ ನೀರು ಕೊಡು.”

ಸಂದಿನಲ್ಲಿ ತೂರಿ ಬಂದ ಬಾಟಲಿಯನ್ನು ನೋಡಿ ಟಿಲ್ಲಿ ನಕ್ಕಳು. “ನೀರಂತೆ ನೋಲೀನೂ. ಮೈಯೆಲ್ಲ ನೀರ್ ತುಂಬ್ಕಂಡು ಸಾಯ್ತಾ ಇವ್ನಿ, ಇನ್ನಷ್ಟು ಕುಡೀಬೇಕಂತೆ. ಇಸ್ಕೊ, ಪಾಪ, ಕೊಡೋಕೆ ಇನ್ನೇನೂ ಇಲ್ಲ ಅವ್ಳತ್ರ.”

“ವ್ಯಾನ್ ಆಚೆ ತೆಗಿ,” ಹಾರ್ಗನ್ ಅಂದ.

“ಚಾರ್ಜ್ ಇಲ್ಲ.”

“ತಳ್ಳು.”

ನೋಲೀನ್ ತಳ್ಳಿದಳು. ಚಪ್ಪರದ ನೆರಳಿನಿಂದ ವ್ಯಾನು ಬಿಸಿಲಿಗೆ ಉರುಳಿತು. ಆಗ ಹಲಗೆಗಳ ಸಾಲಿನಿಂದ ಅವಳ ತಮ್ಮ ಲೆಸ್ಟರ್ ಬಂದ. ಹಲಗೆಯ ಧೂಳು ಒರೆಸುವ ಕೂಲಿ ಅವನದು. ಕೈಯಲ್ಲಿ ಒದ್ದೆ ಬಟ್ಟೆ. ಅಕ್ಕನನ್ನೂ ಬಿಸಿಲಲ್ಲಿ ನಿಂತ ವ್ಯಾನನ್ನೂ ನೋಡಿದ. ಬಟ್ಟೆ ಬಿಸಾಡಿ, ವ್ಯಾನನ್ನು ಒಬ್ಬನೇ ನೆರಳಿಗೆ ನೂಕಿ, ಪ್ಲಗ್ಗು ತಂದು ಸಿಕ್ಕಿಸಿದ.

“ಏಯ್, ಲೆಸ್ಟರ್.”

“ನಾನ್ ಒರ್ಸಿರೋ ಹಲ್ಗೆ ಕರೆಂಟು. ನಮ್ಮ ದೊಡ್ಡವ್ವಂಗೆ ಒಸಿ ಹೋಗ್ಲಿ. ಆಮೇಲೆ ನಿನ್ ಬೋಳಿಮಕ್ಳಿಗೆ ಕೊಡಿವಂತೆ.”

ಹಾರ್ಗನ್ ಟಯರು ಬಿಚ್ಚುವ ಸ್ಪ್ಯಾನರ್ ತಂದ. ಮೊದಲ ಏಟು ಲೆಸ್ಟರನ ಕಿವಿಯ ಮೇಲೆ ಬಿತ್ತು. ಎರಡನೆಯದನ್ನು ಅವನು ಮೊಣಕೈಯಲ್ಲಿ ತಡೆದ. ಎಲುಬು ಒಣ ಕಡ್ಡಿಯಂತೆ ಲಟಕ್ಕೆಂದಿತು. ಉಳಿದ ಕೈಯಲ್ಲೇ ಹಾರ್ಗನ್ನನ ಬಾಯಿಗೆ ಗುದ್ದಿದ. ಹಲ್ಲೊಂದು ಸಿಮೆಂಟಿನ ಮೇಲೆ ಬಿತ್ತು.

ರೋಡ್‌ಹೌಸಿನೊಳಗೆ ಪೈ ತಿನ್ನುತ್ತಿದ್ದ ಪೊಲೀಸಿನವನಿಗೆ ಗಾಜಿನ ಮೂಲಕ ಇಷ್ಟು ಹೊತ್ತು ಏನೂ ಕಂಡಿರಲಿಲ್ಲ. ಈಗ ಕಂಡಿತು. ಓಡಿ ಬಂದು ಲೆಸ್ಟರನನ್ನು ಚಪ್ಪರದಾಚೆಯ ಬಿಸಿಲಿಗೆ ಎಳೆದು, ಡಾಂಬರಿನ ಮೇಲೆ ಕೆಡವಿ ಕತ್ತಿನ ಮೇಲೆ ಮೊಣಕಾಲೂರಿದ. ಮುರಿದ ಕೈಯನ್ನು ಬೆನ್ನಿಗೆ ತಿರುಚಿ ಬೇಡಿ ಹಾಕುವಾಗ ಲೆಸ್ಟರ್ ಊಳಿಟ್ಟ. ಡಾಂಬರು ಕಾದು ಮೆತ್ತಗಾಗಿತ್ತು. ಎಬ್ಬಿಸಿದಾಗ ಕೆನ್ನೆಯ ಚರ್ಮ ಅಲ್ಲೇ ಅಂಟಿಕೊಂಡು ಉಳಿಯಿತು.

“ಮೊದ್ಲು ಹೊಡ್ದೋನು ಅವ್ನು,” ನೋಲೀನ್ ಅಂದಳು.

“ನಂಗೆ ಕಂಡಿದ್ದು ಇವ್ನು ಹೊಡ್ದಿದ್ದು,” ಎಂದ ಪೊಲೀಸಿನವನು ಲೆಸ್ಟರನನ್ನು ಗಾಡಿಯ ಹಿಂದಿನ ಪಂಜರದಲ್ಲಿ ದಬ್ಬಿ ಬೀಗ ಹಾಕಿದ.

ಗಾಡಿ ಹೋಯಿತು. ಹಾರ್ಗನ್ ರಕ್ತ ಉಗಿಯುತ್ತ ಬಂದು ಪ್ಲಗ್ಗು ಕಿತ್ತ. ವ್ಯಾನನ್ನು ಕಾಲಲ್ಲಿ ಒದ್ದು ಒದ್ದು ಮತ್ತೆ ಬಿಸಿಲಿಗೆ ಬಿಟ್ಟ.

ಮಧ್ಯಾಹ್ನ ತಿರುಗುವ ಹೊತ್ತಿಗೆ ಟಿಲ್ಲಿಯ ಉಸಿರು ಗೊರಗೊರ ಎನ್ನತೊಡಗಿತು. ನೋಲೀನ್ ಕಂಕುಳಿಗೆ ಕೈ ಕೊಟ್ಟು ಅವಳನ್ನು ಇಳಿಸಿ, ಎಳೆದುಕೊಂಡು ರೋಡ್‌ಹೌಸಿನ ಬಾಗಿಲಿಗೆ ಹೋದಳು. ಒಳಗೆ ಏಸಿ ಓಡುತ್ತಿತ್ತು. ಹಾರ್ಗನ್ ಒಳಗಿನಿಂದ ಚಿಲಕ ಹಾಕಿದ. ಗಾಜಿನಾಚೆ ಅವನ ಬಾಯಿ ಆಡಿದ್ದು ಕಂಡಿತು: ಇದೇನು ಆಸ್ಪತ್ರೆ ಅಲ್ಲ.

ಅಲ್ಲಿಂದ ಚಪ್ಪರದಡಿಗೆ ಎಳೆದು ತಂದು ಎರಡು ಕಂಬಗಳ ನಡುವೆ ಮಲಗಿಸಿದಳು. ಹುಲ್ಲಿನ ಟೋಪಿಯ ಹೆಂಗಸು ಯಾರಿಗೋ ಫೋನು ಮಾಡುತ್ತಿದ್ದಳು. ಡಾಕ್ಟರ ವಿಮಾನ ಕಳಿಸುತ್ತಾರಂತೆ, ಕಳಿಸುತ್ತಾರಂತೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅವಳ ಕಾರು ಕಂಬಕ್ಕೆ ಸಿಕ್ಕಿಸಿಕೊಂಡೇ ಇತ್ತು. ಅದನ್ನು ಬಿಚ್ಚುವುದು ಅವಳಿಗೆ ಹೊಳೆಯಲಿಲ್ಲ.

“ದೊಡ್ಡವ್ವ, ಇನ್ನೊಸಿ ಹೊತ್ತು ತಡ್ಕೊ.”

“ಲೆಸ್ಟರನ್ನ ಬುಟ್ರಾ?”

“ಬುಡ್ತಾರೆ.”

“ಸುಳ್ಳಾಡ್ಬೇಡ ಕಣೆ, ಸಾಯೋರತ್ರ,” ಎಂದಳು ಟಿಲ್ಲಿ. ಆಮೇಲೆ ಅವಳ ಮೂಗಿನ ಮೇಲೆ ಕೂತ ನೊಣ ಹಾರಲಿಲ್ಲ.

ವಿಮಾನ ಬಂದು ಹೆಣವನ್ನು ಒಯ್ದಿತು. ಅಲ್ಲಿಂದಾಚೆಗೆ ಅವಳ ಹೆಸರನ್ನು ಊರಲ್ಲಿ ಯಾರೂ ಎತ್ತಲಿಲ್ಲ. ಸತ್ತವರ ಹೆಸರು ಬಾಯಿಗೆ ಬರಕೂಡದು. ಬಂದರೆ ಹೋದ ಜೀವ ದಾರಿ ತಪ್ಪಿ ಹಿಂದಿರುಗುತ್ತದೆ. ಸಾವಾದ ಜಾಗವನ್ನೂ ಮುಚ್ಚಬೇಕು. ಸತ್ತವಳ ಕಡೆಯ ಹೆಂಗಸರು ಇನ್ನು ಸಾಕು ಎನ್ನುವ ತನಕ ಅಲ್ಲಿ ಹಸಿ ಸೊಪ್ಪಿನ ಹೊಗೆ ಆಡಬೇಕು, ಹೊರಗಿನವರು ಕಾಲಿಡಕೂಡದು. ವಿಲ್ಗಾ ಬೋರಿನ ಕಾನೂನು ಅದು. ಯಾವ ಮಂತ್ರಿಯೂ ಬಂದು ಮಾಡಿಕೊಟ್ಟದ್ದಲ್ಲ.

ಬೆಳಿಗ್ಗೆ ಹಾರ್ಗನ್ ಅಂಗಡಿ ತೆರೆದಾಗ ಊರಿನ ಹೆಂಗಸರೆಲ್ಲ ಚಪ್ಪರದಡಿ ಕೂತಿದ್ದರು. ಮೈಗೆ ಬಿಳಿ ಜೇಡಿ ಬಳಿದುಕೊಂಡಿದ್ದರು. ಕಂಬಗಳ ಬುಡದಲ್ಲಿ ಸೊಪ್ಪು ಹೊಗೆಯಾಡುತ್ತಿತ್ತು. ಸತ್ತವಳ ತಂಗಿ ಮ್ಯೂರಿಯಲ್ ಕಲ್ಲಿನಿಂದ ಹಣೆ ಚಚ್ಚಿಕೊಳ್ಳುತ್ತ ಅಳುತ್ತಿದ್ದಳು. ರಕ್ತ ಹುಬ್ಬಿಗಿಳಿದು, ಜೇಡಿಯಲ್ಲಿ ಕೆಂಪು ಗೆರೆ ಬರೆದು, ಎದೆಗೆ ತೊಟ್ಟಿಕ್ಕುತ್ತಿತ್ತು. ಅವಳ ಪಕ್ಕದಲ್ಲಿ ಉಡದ ಬಿಲ ಅಗೆಯುವ ಹಾರೆ. ಹೊಸ ಪ್ರವಾಸಿಗರ ಕಾರುಗಳು ಆಗಲೇ ಬಂದು ದೂರದಲ್ಲಿ ನಿಂತಿದ್ದವು.

“ಏಳ್ರೇ ಮೇಲೆ. ಗಿರಾಕಿಗಳು ಬಿಸಿಲಲ್ಲಿ ಕೂತಿದಾರೆ.”

“ನಾವೂ ಕೂತಿದ್ವು,” ನೋಲೀನ್ ಅಂದಳು. “ಈ ಜಾಗ ಮುಚ್ಚೋಗ್ಯದೆ.”

“ಯಾರ್ ಮುಚ್ಚಿದ್ದು?”

“ಸತ್ತೋಳು.”

ಹಾರ್ಗನ್ ತನ್ನ ಪಿಕಪ್ ತಂದ. ಹಾರನ್ ಮಾಡಲಿಲ್ಲ, ಸೀದಾ ನುಗ್ಗಿಸಿದ. ಹೆಂಗಸರು ಚೆಲ್ಲಾಪಿಲ್ಲಿ ಸರಿದರು, ಮ್ಯೂರಿಯಲ್ ಸರಿಯಲಿಲ್ಲ. ಬಂಪರು ಅವಳ ಮುಂಗಾಲಿಗೆ ಬಡಿದು ನಿಂತಿತು. ಕಾಲು ನಡುವೆ ಮಡಚಿಕೊಂಡಿತು, ಮಡಚಬಾರದ ಕಡೆಗೆ. ಅವಳು ಅರಚಲಿಲ್ಲ, ಅಳುತ್ತಿದ್ದ ಅಳುವನ್ನೇ ಇನ್ನೊಂದು ದನಿ ಎತ್ತರಿಸಿದಳು.

ಹಾರ್ಗನ್ ಇಳಿದ. ಮುಖ ಬಿಳಿಚಿತ್ತು, ಆದರೂ ಬೂಟಿನಿಂದ ಸೊಪ್ಪಿನ ಕೆಂಡ ಒದ್ದ. “ನಿನ್ನೆನೇ ಪೈಪ್ ಹಿಡ್ದು ತೊಳ್ಸಿದೀನಿ ಇಲ್ಲಿ. ಯಾವ್ ದೆವ್ವನೂ ಇಲ್ಲ. ಟಿಲ್ಲಿ ಸತ್ಲು, ಮುಗೀತು.”

ಹೆಂಗಸರ ಅಳು ಗಕ್ಕನೆ ನಿಂತಿತು.

ಅದು ಅವನ ಗಮನಕ್ಕೆ ಬಂತು. ಏನೋ ಸಿಕ್ಕಿತು ಎನ್ನುವಂತೆ ಒಡೆದ ತುಟಿಯಲ್ಲೇ ನಕ್ಕ. ಕಂಬದ ಪ್ಲಗ್ಗಿಗೆ ಕೈ ಹಾಕಿ, ಅವರ ಕಡೆ ತಿರುಗಿ, ನಾಯಿಯನ್ನು ಕರೆಯುವಂತೆ ಕರೆದ. “ಟಿಲ್ಲಿ. ಟಿಲ್ಲಿ. ಬಾರೇ ಟಿಲ್ಲಿ.”

ನೋಲೀನ್ ಮ್ಯೂರಿಯಲ್ಲಳ ಹಾರೆ ಎತ್ತಿದ್ದು ಯಾರಿಗೂ ಕಾಣಲಿಲ್ಲ, ಇಳಿದದ್ದಷ್ಟೇ ಕಂಡಿತು. ಪ್ಲಗ್ಗು ಹಿಡಿದಿದ್ದ ಕೈ ಕಂಬಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ಬೆರಳುಗಳು ಜಜ್ಜಿ ಕಂಬಕ್ಕೆ ಮೆತ್ತಿಕೊಂಡವು. ಹಾರ್ಗನ್ ಬಾಯಿ ತೆರೆದ, ದನಿ ಆಮೇಲೆ ಬಂತು. ಮೊಣಕಾಲೂರಿದ. ಅವಳು ಮತ್ತೆ ಹಾರೆ ಎತ್ತಿದಳು. ಅವನು ಉಳಿದ ಕೈಯನ್ನು ತಲೆಗೆ ಅಡ್ಡ ಹಿಡಿದು, “ಬೇಡ, ಬೇಡಮ್ಮ,” ಅಂದ. ಅವನು ಅವಳನ್ನು ಅಮ್ಮ ಎಂದದ್ದು ಅದೇ ಮೊದಲು.

ಹಾರೆ ಅವನ ತಲೆಯ ಮೇಲಿಂದ ಹಾದು ಕಂಬದ ಪರದೆಗೆ ಬಿತ್ತು. ಗಾಜು ಸಿಡಿಯಿತು. ಅವಳು ಮುಂದಿನ ಕಂಬಕ್ಕೆ ಹೋದಳು, ಅಲ್ಲಿಂದ ಮುಂದಿನದಕ್ಕೆ. ನಿಂತಿದ್ದ ಕಾರುಗಳ ಬಾಗಿಲುಗಳು ಒಳಗಿನಿಂದ ಒಂದೊಂದಾಗಿ ಲಾಕಾದವು, ಗಾಜಿನಾಚೆ ಫೋನುಗಳು ಕಿವಿಗೇರಿದವು.

ಬಿಸಿಲೇರುವ ಹೊತ್ತಿಗೆ ಆಲಿಸ್ ಕಡೆಯ ದಾರಿಯಲ್ಲಿ ಕೆಂಪು ಧೂಳು ಏಳುತ್ತಿತ್ತು. ನೋಲೀನ್ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಹೆಂಗಸರು ಸರಿದು ಅವಳಿಗೆ ಜಾಗ ಮಾಡಿದರು. ಅವಳು ಮ್ಯೂರಿಯಲ್ಲಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಾರೆಯನ್ನು ಮುಂದೆ ಅಡ್ಡ ಇಟ್ಟು ಕೂತಳು.

“ಪೊಲೀಸ್ನೋರಾ?” ಮ್ಯೂರಿಯಲ್ ಕೇಳಿದಳು.

“ಹೂಂ ಚಿಕ್ಕವ್ವ. ಬೋ ಗಾಡಿ ಅವೆ.”

“ಬರ್ಲಿ.” ಮುದುಕಿ ಹಲ್ಲು ಕಚ್ಚಿ ಒಂದು ಉಸಿರು ಎಳೆದುಕೊಂಡಳು. “ಸೊಪ್ಪು ಆರೋಗ್ತಾ ಅದೆ. ಇನ್ನೊಸಿ ಹಾಕು.”