ದಿನಾ ಮಿಂದರೂ ನಾರುತ್ತಿದ್ದ ಸ್ಯಾಮ್ಸನ್

ತೊಕ್ಕೊಟ್ಟು ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಮಗೂ ಪಕ್ಕದ ವಾಲ್ಟರ್ ಪೊರ್ಬುಗಳ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ ಮಾತ್ರ ಉಂಟು. ನಮ್ಮ ಊರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಅಂತ ಕರೆಯುವುದು. ಹೋದ ಮಳೆಗಾಲದಲ್ಲಿ ಆ ಗೋಡೆ ದಾಟಿ ಒಂದು ವಾಸನೆ ಬರಲು ಶುರುವಾಯಿತು. ಅವರ ನಾಯಿ ಸ್ಯಾಮ್ಸನ್‌ನ ವಾಸನೆ.

ಸ್ಯಾಮ್ಸನ್ ಲ್ಯಾಬ್ರಡಾರ್ ಜಾತಿಯದು. ನಲವತ್ತು ಕೆಜಿ ತೂಕ, ದಟ್ಟ ರೋಮ, ಜೋತುಬಿದ್ದ ಕಿವಿ. ನಾನೂ ಅಮ್ಮನೂ ಜಗಲಿಯಲ್ಲಿ ಕೂತು ಬೀಡಿ ಕಟ್ಟುವಾಗ ಅದು ಗೋಡೆಯ ಮೇಲೆ ಮುಂಗಾಲಿಟ್ಟು ನಮ್ಮನ್ನು ನೋಡುತ್ತಿತ್ತು.

"ಎಂತ ನಾತ ಮಾರಾಯ್ತಿ," ಎಂದು ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. "ಬಾಯಮ್ಮನ ಮನೆಯ ನೆಲದಲ್ಲಿ ಊಟ ಬಡಿಸಬಹುದು. ನಾಯಿ ಮಾತ್ರ ಹೀಗೆ."

ವಾಲ್ಟರರ ಹೆಂಡತಿ ಡುಲ್ಸಿನ್ ಬಾಯಮ್ಮ ಮೂವತ್ತು ವರ್ಷ ನರ್ಸ್ ಆಗಿದ್ದವರು. ನಾಯಿಯನ್ನು ಅವರು ಕೊಳಕಾಗಿ ಇಟ್ಟುಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ತಾವೇ ಪೈಪು ಹಿಡಿದು, ತಾವು ಮೀಯುವ ಸೋಪನ್ನೇ ಹಚ್ಚಿ, ತಲೆಯಿಂದ ಬಾಲದವರೆಗೆ ತಿಕ್ಕಿ ಮೀಯಿಸುತ್ತಿದ್ದರು. ಕೊನೆಯ ಬಾಲ್ದಿಗೆ ಆಸ್ಪತ್ರೆಯ ನೆಲ ಒರೆಸುವ ಔಷಧದ ನಾಲ್ಕು ಹನಿ. ಆಮೇಲೆ ಮಗಳು ಶರೊನ್ ದುಬಾಯಿಯಿಂದ ಕಳುಹಿಸಿದ ಸೆಂಟು. ಮಧ್ಯಾಹ್ನದ ಹೊತ್ತಿಗೆ ಸೆಂಟು, ನಾತ ಎರಡೂ ಒಟ್ಟಿಗೆ ಗೋಡೆ ದಾಟಿ ಬರುತ್ತಿದ್ದವು.

ಒಂದು ಗುರುವಾರ ಬಾಯಮ್ಮ ಗೋಡೆಯ ಹತ್ತಿರ ಬಂದು ಅಮ್ಮನಿಗೆ ಹೇಳಿದರು, "ನಳಿನಾಕ್ಷಿ, ಆದಿತ್ಯವಾರ ಶರೊನ್ ಬರ್ತಾಳೆ. ಆರು ತಿಂಗಳ ಮಗು. ಈ ನಾಯಿಯನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಶನಿವಾರ ಪಂಪ್‌ವೆಲ್ ಹತ್ತಿರದ ಒಂದು ಗ್ಯಾರೇಜಿನವನು ಬಂದು ಕೊಂಡುಹೋಗ್ತಾನೆ. ಕಾವಲಿಗೆ ಬೇಕಂತೆ."

"ಚೈನು ಹಾಕಿ ಕಟ್ಟುತ್ತಾರೆ ಬಾಯಮ್ಮ. ಲಾರಿಗಳ ಎಡೆಯಲ್ಲಿ," ಎಂದಳು ಅಮ್ಮ.

"ನಾನು ಮೀಯಿಸಿ ಮೀಯಿಸಿ ಸೋತೆ. ಇನ್ನೆಂತ ಮಾಡುವುದು ಹೇಳು."

ವಾಲ್ಟರರು ಸಿಟೌಟಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಹೃದಯದ ಆಪರೇಶನ್ ಆದ ಮೇಲೆ ದಿನಾ ಬೆಳಿಗ್ಗೆ ಅವರನ್ನು ನೇತ್ರಾವತಿ ಸೇತುವೆಯವರೆಗೆ ನಡೆಸಿಕೊಂಡು ಹೋಗುವುದು ಆ ನಾಯಿಯೇ. ಅವರು ಪೇಪರಿನ ಪುಟವನ್ನೂ ತಿರುಗಿಸಲಿಲ್ಲ.

ನಾನು ಕೆಲವು ದಿನಗಳಿಂದ ಒಂದು ವಿಷಯ ಗಮನಿಸಿದ್ದೆ. ಮಿಂದ ದಿನವೇ ವಾಸನೆ ಹೆಚ್ಚು. ಮತ್ತೆ ಸ್ಯಾಮ್ಸನ್ ಪದೇ ಪದೇ ತಲೆ ಕೊಡಹುತ್ತಿತ್ತು, ಹಿಂಗಾಲಿನಿಂದ ಬಲಗಿವಿಯನ್ನು ಕೆರೆಯುತ್ತಿತ್ತು. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನರ್ಸಮ್ಮನಿಗೆ ಎಂತ ಹೇಳುವುದು?

ಶುಕ್ರವಾರ ಮಧ್ಯಾಹ್ನ ಅದು ಎಂದಿನಂತೆ ಗೋಡೆಗೆ ಕಾಲಿಟ್ಟು ನಿಂತಿತು. ನಾನು ಅದರ ಕುತ್ತಿಗೆಯ ರೋಮದೊಳಗೆ ಬೆರಳು ತೂರಿಸಿದೆ. ಮೇಲೆ ಒಣಗಿತ್ತು, ಬುಡದಲ್ಲಿ ಒದ್ದೆ. ಬೆರಳು ಮೂಸಿದಾಗ ಗುರುತು ಸಿಕ್ಕಿತು. ಬೀಡಿ ಎಲೆಯನ್ನು ನೆನೆಸಿ ಗೋಣಿಯಲ್ಲಿ ಸುತ್ತಿ ಮರೆತುಬಿಟ್ಟರೆ ಹೊರಗಿನ ಎಲೆ ಒಣಗುತ್ತದೆ, ಒಳಗಿನದಕ್ಕೆ ಬೂಷ್ಟು ಹಿಡಿಯುತ್ತದೆ. ಅದೇ ವಾಸನೆ. ಕಿವಿ ಎತ್ತಿ ನೋಡಿದೆ. ಒಳಗೆ ಕೆಂಪಾಗಿತ್ತು, ಕಂದು ಬಣ್ಣದ ಅಂಟು ಇಳಿದಿತ್ತು. ತೊಳೆದ ಬಟ್ಟೆಯ ತುಂಡಿನಿಂದ ಹೊರಗಿನ ಅಂಚನ್ನು ಮೆಲ್ಲ ಒರೆಸಿದೆ. ಸ್ಯಾಮ್ಸನ್ ಕುಂಯ್ ಎಂದಿತು.

ಆ ಬಟ್ಟೆ ಹಿಡಿದು ಅವರ ಮನೆಗೆ ಹೋದೆ.

"ಬಾಯಮ್ಮ, ಇದನ್ನೊಮ್ಮೆ ಮೂಸಿ ನೋಡಿ."

"ಎಂತ ಅದು?"

"ಸ್ಯಾಮ್ಸನ್‌ನ ಕಿವಿಯದು."

ಅವರು ಮುಖ ಸಿಂಡರಿಸಿದರು. ಆದರೂ ತೆಗೆದುಕೊಂಡು ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದು ಕೊಳಕಿನ ವಾಸನೆ ಅಲ್ಲ," ಎಂದರು. "ಇದು ಕೀವು. ವಾರ್ಡಿನಲ್ಲಿ ಎಷ್ಟು ನೋಡಿದ್ದೇನೆ."

"ಅದು ತಲೆ ಕೊಡಹುತ್ತದೆ ಅಂತ ನಾನು ಹೇಳಿದ್ದೆ," ಎಂದರು ವಾಲ್ಟರರು.

"ನೀವು ಹೇಳಿದ್ದು ಪೇಪರಿಗೆ, ನನಗಲ್ಲ," ಎಂದು ಬಾಯಮ್ಮ ಕೊಡೆ ತೆಗೆದುಕೊಂಡರು.

ಸಂಜೆ ರಿಕ್ಷಾ ಮಾಡಿ ಮೂವರೂ ನಾಯಿಯನ್ನು ಪಶುವೈದ್ಯೆ ಡಾಕ್ಟರ್ ರಾಹಿಲಾ ಅವರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅವರು ಕಿವಿಯೊಳಗೆ ಲೈಟು ಹಾಕಿ ನೋಡಿದರು, ಕಿವಿಯಿಂದಲೂ ಚರ್ಮದಿಂದಲೂ ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

"ಆಂಟಿ, ವಾರಕ್ಕೆ ಎಷ್ಟು ಸಲ ಸ್ನಾನ?"

"ದಿನಾ."

"ಅದೇ ತೊಂದರೆ. ಇದಕ್ಕೆ ಎರಡು ಪದರ ರೋಮ ಉಂಟು. ನಮ್ಮ ಊರಿನ ಮಳೆಗಾಲದಲ್ಲಿ ಒಳಗಿನ ಪದರ ಒಣಗುವ ಮೊದಲೇ ನೀವು ಮತ್ತೆ ನೀರು ಹಾಕ್ತೀರಿ. ಚರ್ಮಕ್ಕೆ ಬೂಷ್ಟು ಬರ್ತದೆ. ಪೈಪಿನ ನೀರು ಕಿವಿಯೊಳಗೆ ನಿಲ್ತದೆ. ಮನುಷ್ಯರ ಸೋಪು, ನೆಲ ಒರೆಸುವ ಔಷಧ ಎರಡೂ ಇದರ ಚರ್ಮವನ್ನು ಸುಡ್ತವೆ."

"ಕೊಳಕಾದರೆ ತೊಳೆಯಬೇಡವಾ ಡಾಕ್ಟ್ರೇ? ನಾನೂ ಆಸ್ಪತ್ರೆಯಲ್ಲಿದ್ದವಳು."

"ಹಾಗಾದರೆ ನೀವೇ ಹೇಳಿ ಆಂಟಿ. ಗಾಯ ನಾರಿದರೆ ಸೆಂಟು ಹಾಕ್ತಿದ್ದಿರಾ?"

ಬಾಯಮ್ಮ ಸ್ಯಾಮ್ಸನ್‌ನ ಕಿವಿಯನ್ನು ಬೆರಳಿನಿಂದ ಸವರುತ್ತಾ ನಿಂತರು. ಆಮೇಲೆ ಮೆಲ್ಲ ಕೇಳಿದರು, "ಮಗುವಿಗೆ ಅಂಟುತ್ತದಾ?"

"ಇದು ಹಾಗೆ ಅಂಟುವಂಥದ್ದಲ್ಲ. ಆದರೂ ಎಳೆ ಮಗು. ಗುಣವಾಗುವವರೆಗೆ ದೂರ ಇರಲಿ, ಆಮೇಲೂ ಎರಡನ್ನೇ ಒಟ್ಟಿಗೆ ಬಿಡಬೇಡಿ. ನಾಯಿಯನ್ನು ಮುಟ್ಟಿದ ಕೈ ತೊಳೆಯಿರಿ. ಹುಳದ ಮಾತ್ರೆ, ರೇಬಿಸ್ ಲಸಿಕೆ ತಪ್ಪಿಸಬೇಡಿ."

ಮೂರು ವಾರಕ್ಕೆ ಕಿವಿಗೆ ಹನಿ ಮದ್ದು, ಚರ್ಮಕ್ಕೆ ಔಷಧದ ಶಾಂಪೂ ಕೊಟ್ಟರು. ಶಾಂಪೂ ಸ್ನಾನ ವಾರಕ್ಕೆ ಒಂದೇ ಸಲ. ಕಿವಿಯೊಳಗೆ ಕಡ್ಡಿ, ಎಣ್ಣೆ ಏನೂ ಹಾಕಬಾರದು ಎಂದರು.

ಶನಿವಾರ ಹತ್ತು ಗಂಟೆಗೆ ಗ್ಯಾರೇಜಿನವನು ಟೆಂಪೊ ತಂದ. ನಾಯಿಯ ನಾತ ಇನ್ನೂ ಹಾಗೆಯೇ ಇತ್ತು. ವಾಲ್ಟರರು ಒಳಗೆ ಹೋಗಿಬಿಟ್ಟರು. ನಾನು ಬೀಡಿ ಕಟ್ಟುವುದನ್ನು ನಿಲ್ಲಿಸಿದೆ.

ಬಾಯಮ್ಮ ಕೈಯಲ್ಲಿ ಹನಿ ಮದ್ದಿನ ಬಾಟಲಿ ಹಿಡಿದುಕೊಂಡೇ ಗೇಟಿಗೆ ಹೋದರು. "ಮದ್ದು ಅರ್ಧ ಆಗುವಾಗ ಪೇಶೆಂಟನ್ನು ಕಳಿಸುವ ಕ್ರಮ ನನಗಿಲ್ಲ," ಎಂದರು. "ಬಂದದ್ದಕ್ಕೆ ಚಾ ಕುಡಿದು ಹೋಗಿ."

ಮೂರು ವಾರವೂ ಅವರು ವಾರ್ಡಿನಂತೆಯೇ ನಡೆಸಿದರು. ಸ್ನಾನದ ದಿನ ಕಿವಿಯ ಬಾಯಿಗೆ ಹತ್ತಿ, ಮಿಂದ ಮೇಲೆ ಹತ್ತಿ ತೆಗೆದು, ಬುಡದ ರೋಮ ಒಣಗುವವರೆಗೆ ಟವೆಲು, ಆಮೇಲೆ ಫ್ಯಾನು. ಮಲಗುವ ಗೋಣಿ ಬಿಸಾಡಿ ಹಳೆಯ ಎರಡು ಬೆಡ್‌ಶೀಟು ಇಟ್ಟರು. ಒಂದು ಒಗೆದರೆ ಇನ್ನೊಂದು. ಬಾಚುವ ಕೆಲಸ ವಾಲ್ಟರರದ್ದು. ಗುಣವಾದ ಮೇಲೆ ಸ್ನಾನ ತಿಂಗಳಿಗೊಮ್ಮೆ, ಅದೂ ನಾಯಿಯ ಶಾಂಪೂವಿನಲ್ಲೇ. ಕಿವಿ ನೋಡುವುದು ಮಾತ್ರ ವಾರ ವಾರ.

ಈಗ ಶರೊನ್‌ನ ಮಗು ತಾಯಿಯ ಮಡಿಲಲ್ಲಿ ಕೂತು ಕೈ ಚಾಚುತ್ತದೆ, ಸ್ಯಾಮ್ಸನ್ ಎರಡು ಮಾರು ದೂರದಲ್ಲಿ ಮಲಗಿ ಬಾಲ ಅಲ್ಲಾಡಿಸುತ್ತದೆ. ನನ್ನ ಅಮ್ಮನಿಗೆ ಮಾತ್ರ ಹೊಸ ದೂರು. "ಮೊದಲು ನಾತದಿಂದ ಗೊತ್ತಾಗುತ್ತಿತ್ತು, ನಾಯಿ ಬಂತು ಅಂತ. ಈಗ ಬಂದದ್ದೇ ಗೊತ್ತಾಗುವುದಿಲ್ಲ. ನಿನ್ನೆ ನನ್ನ ಒಣಮೀನು ಹೋಯಿತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನಾಯಿಯೂ ನಾರುತ್ತಿರಬಹುದು. ಅದನ್ನು ಬೈಯುವ ಮೊದಲು, ಪೈಪು ಹಿಡಿಯುವ ಮೊದಲು, ಒಮ್ಮೆ ಹತ್ತಿರ ಕೂತುಕೊಳ್ಳಿ. ಕಿವಿ ಎತ್ತಿ ನೋಡಿ, ಬಾಯಿ ತೆರೆದು ಹಲ್ಲು ನೋಡಿ, ರೋಮದ ಬುಡ ಮುಟ್ಟಿ ನೋಡಿ. ಕೆಂಪು, ಕೀವು, ತುರಿಕೆ ಕಂಡರೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲಿ ನೋಯುತ್ತದೆ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಆ ವಾಸನೆಯೇ ಅದರ ಮಾತು. ದಯವಿಟ್ಟು ಅದರ ಮೇಲೆ ಸೆಂಟು ಹಾಕಬೇಡಿ.